ಬಾಗಿಲು ಹಾಕಿಕೊಂಡು ಆಡುವ ಜಗಳ

ತಂಡದ ಮ್ಯಾನೇಜರ್ ಕೆಲಸ ಬಿಟ್ಟು ಹೋದ ದಿನ ಬಾಸ್ಕೆಟ್‌ಬಾಲ್ ಕೋಚ್ ಕುಣಿದಾಡುವುದೊಂದೇ ಬಾಕಿ. ಆಡಿಸುವವನು ಇವನು, ಆಟಗಾರರನ್ನು ತರುವವನು, ಬಿಡುವವನು ಅವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು ಅವರಿಬ್ಬರ ಸಂಸಾರ. ತಂಡದ ಯಜಮಾನರದು ಬಣ್ಣದ ಕಾರ್ಖಾನೆ. ಒಳಗೋಡೆಗೂ ಹೊರಗೋಡೆಗೂ ಒಂದೇ ಡಬ್ಬಿ ಸಾಕು ಎಂದು ನಂಬಿಸಿ ಮೇಲೆ ಬಂದವರು. "ಎರಡೂ ಕೆಲ್ಸ ನೀನೇ ನೋಡ್ಕೊಂಡ್ಬಿಡು," ಅಂದರು ಕೋಚ್‌ಗೆ.

"ಇಷ್ಟು ದಿನ ಸೋತಾಗೆಲ್ಲ ನೆಲ ಡೊಂಕು ಅಂತಿದ್ರಿ," ಎಂದಳು ಮನೆಯಲ್ಲಿ ಹೆಂಡತಿ. "ಈಗ ನೆಲವೂ ನೀವೇ." ಕೋಚ್‌ಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಆ ತಂಡದಲ್ಲೊಂದು ರೂಢಿ ಇತ್ತು. ಯಾರನ್ನಾದರೂ ಕೈಬಿಡುವ ಹೊತ್ತು ಬಂದರೆ ಕೋಚ್ ಮ್ಯಾನೇಜರನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೊರಗೆ ಬೆಂಚಿನ ಮೇಲೆ ಕೂತ ಆಟಗಾರರಿಗೆ ಕಿಟಕಿಯ ಗಾಜು ಅದುರುವಷ್ಟು ಕೂಗಾಟ ಕೇಳಿಸುತ್ತಿತ್ತು. ಆಮೇಲೆ ಕೆಂಪು ಮುಖ ಹೊತ್ತು ಬಂದು, "ನಾನೇನ್ ಮಾಡ್ಲಿ ಕಣೋ, ಮೇಲಿನವ್ರು ಒಪ್ಲಿಲ್ಲ," ಅನ್ನುತ್ತಿದ್ದ. ಹೋಗಲೇಬೇಕಾದವನೇ ಹೋಗುತ್ತಿದ್ದ, ಅದು ಬೇರೆ ಮಾತು. ಆದರೆ ತನಗಾಗಿ ಒಬ್ಬ ಗಂಟಲು ಹರಿದುಕೊಂಡ ಎಂಬ ಸಮಾಧಾನವನ್ನಾದರೂ ಹೊತ್ತುಕೊಂಡು ಹೋಗುತ್ತಿದ್ದ. ಅದೇನು ಸಣ್ಣದಲ್ಲ. ಎಷ್ಟೋ ಜನಕ್ಕೆ ಇಡೀ ಆಯುಷ್ಯದಲ್ಲಿ ಅಷ್ಟೂ ಸಿಕ್ಕಿರುವುದಿಲ್ಲ.

ಈ ಸಲ ಹೋಗಬೇಕಾದವನು ಹೆಂಡತಿಯ ತಮ್ಮ. ತಂಡದಲ್ಲಿ ಅವನಿಗೆ ಏಣಿ ಎಂದೇ ಹೆಸರು. ಎಲ್ಲರಿಗಿಂತ ಉದ್ದ, ಎಲ್ಲರಿಗಿಂತ ಹಳಬ. ಬಲ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿತ್ತು. ಇನ್ನೊಂದು ವರ್ಷ ಆಡಿಸಿ ಭಾವ ಎಂದು ಕೇಳಿಕೊಂಡಿದ್ದ. ಕೋಚ್ "ನಾನಿದ್ದೀನಲ್ಲ" ಅಂದುಬಿಟ್ಟಿದ್ದ. ಅಷ್ಟರಲ್ಲಿ ಅದೇ ಜಾಗಕ್ಕೆ ಗಟ್ಟಿ ಮಂಡಿಯವನೊಬ್ಬ ಸಿಕ್ಕಿದ.

ತಾನೇ ಮ್ಯಾನೇಜರ್ ಆಗಿ ಆ ಹೊಸ ಆಟಗಾರನನ್ನು ಸೇರಿಸಿಕೊಂಡದ್ದಾಯಿತು. ಇನ್ನು ಕೋಚ್ ಆಗಿ ಸಿಟ್ಟಾಗಬೇಕಿತ್ತು. ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಮೇಜಿನಾಚೆಯ ಕುರ್ಚಿ ಖಾಲಿ ಇತ್ತು. ಹೋಗಿ ಅದರಲ್ಲಿ ಕೂತ. ಈಗ ಈಚೆಯದು ಖಾಲಿ. ಸ್ವಲ್ಪ ಹೊತ್ತು ಮೇಜಿನ ಧೂಳು ಒರೆಸಿ ಹೊರಗೆ ಬಂದ.

ಬೆಂಚಿನ ಮೇಲೆ ಏಣಿ ಒಬ್ಬನೇ ಕೂತಿದ್ದ.

"ನಾನೇನ್ ಮಾಡ್ಲಿ ಕಣೋ," ಎಂದಿತು ಕೋಚ್‌ನ ಬಾಯಿ, ಅಭ್ಯಾಸಬಲದಿಂದ. "ಮೇಲಿನವ್ರು ಒಪ್ಲಿಲ್ಲ."

ಏಣಿ ತಲೆಯೆತ್ತಿ ಮೇಲೆ ನೋಡಿದ. ಅಲ್ಲಿ ಟ್ಯೂಬ್‌ಲೈಟ್ ಇತ್ತು.

"ಮೇಲಿನವ್ರು ಅಂದ್ರೆ ಈಗ ನೀವೇ ಅಲ್ವಾ ಭಾವ?"

"ಹೂಂ."

"ಹೋಗ್ಲಿ ಬಿಡಿ. ಮಂಡಿ ವಿಷ್ಯ ನಂಗೇನು ಗೊತ್ತಿಲ್ವಾ." ಏಣಿ ಕೈಯಲ್ಲಿದ್ದ ಟವೆಲನ್ನು ಮಡಚಿದ. "ಒಂದೇ ಒಂದು ಹೇಳಿ. ಒಳಗೆ ನನ್ನ ಪರವಾಗಿ ಜಗಳ ಆಯ್ತಾ? ಕಿವಿಗೊಟ್ಟು ಕೂತಿದ್ದೆ, ಏನೂ ಕೇಳಿಸ್ಲಿಲ್ಲ."

ಜಗಳ ಮೆಲ್ಲಗೆ ಆಯಿತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಭಾಮೈದನ ಮುಖ ನೋಡಿ ಕೋಚ್‌ಗೆ ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ. ನಾಚಿಕೆಯಾಯಿತು, ಸಂಕಟವೂ ಆಯಿತು.

"ಇಲ್ಲ," ಎಂದ. "ಇಬ್ರೂ ಒಂದೇ ಸಲಕ್ಕೆ ಒಪ್ಪಿಬಿಟ್ರು."

ಏಣಿ ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಗೋಡೆ ಹಿಡಿದು ಎದ್ದು ನಿಂತ.

"ಅಕ್ಕ ಕೇಳಿದ್ರೆ ದೊಡ್ಡ ಜಗಳಾನೇ ಆಯ್ತು ಅಂತ ಹೇಳ್ತೀನಿ," ಎಂದ. "ನೀವೂ ಹಾಗೇ ಹೇಳಿ ಭಾವ."

ಬೇಡ ಅನ್ನಬೇಕಿತ್ತು. "ಆಗ್ಲಿ," ಎಂದ ಕೋಚ್. ಅದಕ್ಕೂ ಒಂದೇ ಸಲಕ್ಕೆ ಒಪ್ಪಿದ.