ಕೌಂಟರಿನಲ್ಲಿ ಒಬ್ಬಳೇ

ಡಿ.ಫಾರ್ಮ ಪರೀಕ್ಷೆ ಮುಗಿಸಿದ್ದ ಭವ್ಯಳಿಗೆ ಉಳಿದದ್ದು ಮೂರು ತಿಂಗಳ ತರಬೇತಿ ಮಾತ್ರ. ಅದೂ ಮುಗಿದರೆ ಬಿ.ಫಾರ್ಮದ ಎರಡನೇ ವರ್ಷಕ್ಕೇ ನೇರ ಸೇರಬಹುದು. ಅದಕ್ಕೆಂದೇ ಕಡಹಿನಬೈಲಿನಿಂದ ಬಂದು ಕೊಪ್ಪದ ದತ್ತಮೂರ್ತಿಯವರ ಮೆಡಿಕಲ್ ಶಾಪು ಸೇರಿದ್ದಳು. ಬಂದ ವಾರದಲ್ಲೇ ಅಲ್ಲಿದ್ದ ಫಾರ್ಮಸಿಸ್ಟ್ ಕೆಲಸ ಬಿಟ್ಟ. ಅವನ ಕೆಲಸವೆಲ್ಲ ಇವಳ ತಲೆಗೆ ಬಂತು, ಸಂಬಳ ಬರಲಿಲ್ಲ.

“ಕಲಿಯಲಿಕ್ಕೆ ಬಂದವಳಿಗೆ ಎಂತ ಸಂಬಳ ಮಾರಾಯ್ತಿ? ಸರ್ಟಿಫಿಕೇಟಿಗೆ ಸೈನ್ ಹಾಕೋನು ನಾನು, ನೆನಪಿರ್ಲಿ,” ಎಂದು ದತ್ತಮೂರ್ತಿ ನಕ್ಕಿದ್ದರು. ಗಿರಾಕಿಗಳೆದುರು ಮಾತ್ರ ಅವಳು “ನಮ್ಮ ಹೊಸ ಫಾರ್ಮಸಿಸ್ಟ್”.

ಆ ಶನಿವಾರ ಅವರು ಶೃಂಗೇರಿಗೆ ಹೋಗಿದ್ದರು. ಬೆಳಗಿನ ಗಲಾಟೆ ಇಳಿದ ಮೇಲೆ ಭವ್ಯ ಡಬ್ಬಗಳನ್ನು ಒಪ್ಪವಾಗಿಡುವಾಗ ಮಂಡಿನೋವಿನ ಮಾತ್ರೆಯ ಡಬ್ಬದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು ಕಂಡವು. ಬೆಳಿಗ್ಗೆ ಮಂಡಿನೋವೆಂದು ಬಂದಿದ್ದ ಭಂಡಿಗಡಿಯ ವೆಂಕಮ್ಮನಿಗೆ ಅದೇ ಡಬ್ಬದಿಂದ ತೆಗೆದು ಕೊಟ್ಟಿದ್ದಳು, ಹೆಸರು ಓದದೆ. ಶನಿವಾರ ತನಗೆ ಉಪವಾಸವೆಂದು ಆ ಮುದುಕಿ ಹೇಳಿದ್ದೂ ನೆನಪಾಯಿತು. ಖಾಲಿ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ಮೈಯ ಸಕ್ಕರೆ ಪೂರ್ತಿ ಇಳಿದು ಜೀವಕ್ಕೇ ಅಪಾಯ.

ದತ್ತಮೂರ್ತಿಯವರಿಗೆ ಫೋನು ಮಾಡಿದಳು.

“ಸುಮ್ನೆ ಕೂತ್ಕೋ,” ಎಂದರು ಅವರು. “ಯಾರಾದ್ರೂ ಕೇಳಿದ್ರೆ ನೀನು ನಮ್ಮ ಸ್ಟಾಫ್ ಅಲ್ಲ. ಮುಟ್ಬೇಡ ಅಂದಿದ್ದೆ, ನೀನೇ ಮುಟ್ಟಿದ್ದು. ಗೊತ್ತಾಯ್ತಾ?”

ಭವ್ಯ ಶಟರ್ ಎಳೆದು ಆಟೋ ಹತ್ತಿದಳು. ಮುದುಕಿ ಹೋಗಿಯೇಬಿಟ್ಟಿದ್ದರೆ? ಪೊಲೀಸರು ಮನೆಗೆ ಬಂದರೆ ಅಮ್ಮ ಏನು ಹೇಳಿಯಾಳು? ಎದುರು ಬಂದ ಪ್ರತಿ ಜೀಪಿನಲ್ಲೂ ವೆಂಕಮ್ಮನ ಹೆಣವೇ ಇದೆ ಅನ್ನಿಸುತ್ತಿತ್ತು.

ಭಂಡಿಗಡಿಯಲ್ಲಿ ಕೇಳಿ ಹುಡುಕಿದ ವೆಂಕಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಕರೆದರೆ ಉತ್ತರವಿಲ್ಲ. ವೆಂಕಮ್ಮ ಅಡುಗೆಮನೆಯ ಹೊಸ್ತಿಲಿಗೆ ಒರಗಿದ್ದಳು. ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. “ಕಣ್ಣು ಕತ್ಲೆ ಬರ್ತದೆ ಮಗಾ,” ಎಂದು ತೊದಲಿದಳು. ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಭವ್ಯ ಡಬ್ಬಗಳನ್ನೆಲ್ಲ ತಡಕಾಡಿ ಸಕ್ಕರೆ ಹುಡುಕಿ, ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಆಟೋದವನೊಂದಿಗೆ ಎತ್ತಿಕೊಂಡು ಆಸ್ಪತ್ರೆಗೆ ತಂದಳು.

ಡ್ರಿಪ್ ಏರಿಸಿದ ಡಾಕ್ಟರು ಕೇಳಿದರು, “ಈ ಮಾತ್ರೆ ಕೊಟ್ಟದ್ದು ಯಾರು?”

ಅಷ್ಟರಲ್ಲಿ ಸುದ್ದಿ ತಿಳಿದು ಶೃಂಗೇರಿಯಿಂದ ಬಂದು ನಿಂತಿದ್ದ ದತ್ತಮೂರ್ತಿ, “ಇವಳು ಬರೀ ಟ್ರೈನಿ ಸಾರ್...” ಎಂದು ಶುರು ಮಾಡಿದರು.

ಸರ್ಟಿಫಿಕೇಟು ಕೈತಪ್ಪಿತೆಂದು ಭವ್ಯಳಿಗೆ ಆಗಲೇ ಗೊತ್ತಾಗಿತ್ತು. “ನಾನೇ ಕೊಟ್ಟೆ ಸಾರ್. ತಪ್ಪು ನಂದೇ. ಅಂಗಡೀಲಿ ನೋಡ್ಲಿಕ್ಕೆ ಬೇರೆ ಯಾರೂ ಇರ್ಲಿಲ್ಲ.”

ಡಾಕ್ಟರು ಅವಳನ್ನು ಬಿಟ್ಟು ದತ್ತಮೂರ್ತಿಯ ಕಡೆ ತಿರುಗಿದರು. “ಟ್ರೈನಿ ಅಂದ್ಮೇಲೆ ನೀವೆಲ್ಲಿದ್ರಿ?”

ವೆಂಕಮ್ಮ ಮರುದಿನ ಗಂಜಿ ಕುಡಿದಳು. ಭವ್ಯ ತರಬೇತಿಯನ್ನು ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಮೊದಲಿನಿಂದ ಶುರು ಮಾಡಿದಳು. ಆ ವರ್ಷ ಬಿ.ಫಾರ್ಮ ತಪ್ಪಿತು. ಅಲ್ಲೂ ಸಂಬಳವಿರಲಿಲ್ಲ, ಆದರೆ ಪಕ್ಕದಲ್ಲಿ ಹಿರಿಯರೊಬ್ಬರು ಇರುತ್ತಿದ್ದರು. ಆದರೂ ಪ್ರತಿ ಸ್ಟ್ರಿಪ್ಪಿನ ಹೆಸರು ಓದಿ, ಮತ್ತೆ ಓದಿ, ಕೈ ಚಾಚಿದ ಮೇಲೂ ಹಿಂದಕ್ಕೆಳೆದು ಇನ್ನೊಮ್ಮೆ ಓದುತ್ತಿದ್ದಳು.