ಭತ್ತದ ತೊಟ್ಟಿಯ ಬಿಸಿನೀರು

ನನ್ನ ತಮ್ಮ ವಿರುಪಣ್ಣ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಭತ್ತ ನೆನೆಸಿ ಬೇಯಿಸುವವನು. ಎಂಬತ್ತೆಂಟನೇ ಇಸವಿಯಲ್ಲಿ ಅವನ ಮೂತ್ರಪಿಂಡಗಳು ಕೈಕೊಟ್ಟವು. ಬಳ್ಳಾರಿಯ ಡಾಕ್ಟರ್ ಶಹನಾಜಬೇಗಂ ಅವನ ಹೊಟ್ಟೆಗೊಂದು ನಳಿಕೆ ಕೂರಿಸಿದರು. ಬಾಟಲಿಯ ದ್ರವವನ್ನು ಅದರಿಂದ ಒಳಗೆ ಬಿಡುವುದು, ಕೆಲವು ಗಂಟೆ ಕಳೆದ ಮೇಲೆ ಇಳಿಸುವುದು. ಮೈಯ ಹೊಲಸು ಅದರೊಂದಿಗೆ ಹೊರಬರುತ್ತದೆ. ಆ ಕೆಲಸ ನನ್ನದು; ಒಳಗೆ ಬಿಡುವ ಮುಂಚೆ ಬಾಟಲಿಯನ್ನು ಬೆಚ್ಚಗೆ ಮಾಡಿ ತರುವುದಷ್ಟೇ ಅವನದು.

ಒಂದು ದಿನ ಇಳಿದದ್ದು ಗಂಜಿಯಂತೆ ಮಬ್ಬಾಗಿತ್ತು. ಜ್ವರ, ಹೊಟ್ಟೆನೋವು. ಬಳ್ಳಾರಿಗೆ ಹೊತ್ತೊಯ್ದೆವು. ಕೊಟ್ಟ ಔಷಧ ನಾಟಲಿಲ್ಲ. ದ್ರವ ಪರೀಕ್ಷಿಸಿದಾಗ ಸಿಕ್ಕ ಕ್ರಿಮಿಯನ್ನು ಮೊದಲು ಗಾಳಿಯ ಧೂಳಿನಿಂದ ಬಿದ್ದದ್ದೆಂದು ಬಿಟ್ಟಿದ್ದರು. ಎರಡನೇ ಸಲವೂ ಅದೇ ಬಂತು.

"ಇದು ಮಣ್ಣಿನಾಗ, ಕಾಳಿನಾಗ ಇರೋ ಕ್ರಿಮಿ. ಹೊಟ್ಟಿಗೆ ಹೆಂಗ ಬಂತು? ಬಾಟ್ಲಿ ಎಲ್ಲಿ ಬಿಸಿ ಮಾಡ್ತೀಯಪ್ಪ?" ಎಂದರು ಡಾಕ್ಟರ್.

"ಗಿರಣಿ ತೊಟ್ಟ್ಯಾಗ ಮುಳುಗಸ್ತೀನ್ರಿ. ಭತ್ತ ನೆನೆಸೋ ನೀರು, ಕೈ ಇಟ್ರ ಸುಡ್ತೈತಿ. ಅದಕ್ಕಿಂತ ಸ್ವಚ್ಛ ಯಾವುದೈತ್ರಿ?" ಎಂದ ವಿರುಪಣ್ಣ.

"ಒಲಿ ಮುಂದ ಇಟ್ಟು ಬೆಚ್ಚಗ ಮಾಡ್ತೀನಿ ಅಂದಿದ್ದೆಲ್ಲೋ, ಮೂಳ!" ಎಂದೆ.

"ನಿನ್ನ ಒಲಿ ಹತ್ತೂತನಕ ಯಾರ ಕಾಯ್ತಾರಬೇ ಅಕ್ಕಾ?"

ಆ ಕ್ರಿಮಿ ಬಿಸಿನೀರಿಗೂ ಸಾಯದೆ ಬೀಜದಂತೆ ಮುದುಡಿ ಕೂರುತ್ತದಂತೆ. ಬಾಟಲಿಯ ಬಾಯಿಗೆ ಅಂಟಿದ ಹನಿಯೊಂದಿಗೆ ನಳಿಕೆಯೊಳಗೆ ಇಳಿದಿದೆ. ಡಾಕ್ಟರ್ ಬೇರೆ ಔಷಧವನ್ನು ದ್ರವದಲ್ಲೇ ಬೆರೆಸಿ ಬಿಟ್ಟರು.

"ಎರಡು ಮೂರು ದಿನದಾಗ ತಿಳಿ ಆಗಲಿಲ್ಲಂದ್ರ ನಳಿಕಿ ತೆಗೀಬೇಕಾಗ್ತದ," ಎಂದರು.

ತೆಗೆದರೆ ಗತಿ ಏನು? ಯಂತ್ರದಲ್ಲಿ ರಕ್ತ ತೊಳೆಸಲು ಬೆಂಗಳೂರಿಗೆ ಹೋಗಬೇಕು. ವಾರ ವಾರ ಓಡಾಡಲು ಇವನೇನು ಎಮ್ಮೆಲ್ಲೆಯೇ? ನಳಿಕೆ ಹೋದರೆ ತಮ್ಮನೂ ಹೋದ ಹಾಗೆ. ಆ ದಿನಗಳಲ್ಲಿ ನನ್ನ ಬಾಯಿಗೆ ಸಿಗದೆ ಉಳಿದ ನರ್ಸು ಆ ವಾರ್ಡಿನಲ್ಲಿ ಇರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ಆಗಷ್ಟೇ ಇಳಿದ ದ್ರವದ ಬಾಟಲಿಯನ್ನು ಡಾಕ್ಟರ್ ದಿನಪತ್ರಿಕೆಯ ಮುಂದೆ ಹಿಡಿದರು. ಅದರೊಳಗಿಂದ ಅಕ್ಷರ ಕಂಡರೆ ತಿಳಿಯಾದಂತೆ.

"ಓದು ನೋಡೋಣ."

ವಿರುಪಣ್ಣ ಕಣ್ಣು ಕಿರಿದು ಮಾಡಿದ. "ಕಾಣವಲ್ಲವ್ರಿ."

ನಾನು ಎದ್ದು ಹತ್ತಿರ ಬಂದೆ. ಡಾಕ್ಟರ್ ಬಾಟಲಿ ಸರಿಸಿ ಬರೀ ಪತ್ರಿಕೆ ತೋರಿಸಿದರು.

"ಈಗ?"

"ಈಗೂ ಕಾಣವಲ್ಲವ್ರಿ."

ನಾನು ಬಾಟಲಿ ಕಸಿದುಕೊಂಡು ಅದರೊಳಗಿಂದಲೇ ನೋಡಿದೆ. ಗಂಗಾವತಿ ಟಾಕೀಸಿನ ಜಾಹೀರಾತು, ಕೆಳಗಿನ ಸಣ್ಣ ಅಕ್ಷರ ಸಮೇತ, ಗಟ್ಟಿಯಾಗಿ ಓದಿದೆ.

"ನಳಿಕಿ ಇರಲಿ," ಡಾಕ್ಟರ್ ನಕ್ಕರು. "ಇವನಿಗೆ ಓದಾಕ ಒಂದು ಚಾಳೀಸು ಕನ್ನಡಕ ಕೊಡಸ್ರಿ. ಬಾಟ್ಲಿ ಒಣಾ ಬಟ್ಟಿ ಸುತ್ತಿ ಬಿಸಲಿಗೆ ಇಡ್ರಿ, ನೀರು ಸೋಕಬಾರದು."

"ಬಿಸಲು ನಮ್ಮೂರಾಗ ಬೇಕಾದಷ್ಟೈತ್ರಿ," ಎಂದ ವಿರುಪಣ್ಣ. "ಆದ್ರ ಮಳಿಗಾಲದಾಗ ತೊಟ್ಟಿ..."

"ತೊಟ್ಟಿ ಅಂದ್ರ ಕಾಲು ಮುರೀತೀನಿ," ಎಂದೆ.