ತಟ್ಟೆಯ ತೂಕವೂ ಸೇರಿ

"ತಟ್ಟೆ ತೂಕ ಕಳೀಬಾರದು ಕಣೇ. ತಟ್ಟೆನೂ ಭಾರವೇ," ಎಂದು ಗಂಡ ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ತೂಕದ ಯಂತ್ರವನ್ನು ಅಲುಗದಂತೆ ಇಟ್ಟ. ಅಂಗೈಯಗಲದ ಯಂತ್ರ. ಅದರ ಮೇಲೆ ದಿನವೂ ಉಣ್ಣುವ ಸ್ಟೀಲ್ ತಟ್ಟೆಯನ್ನಿಟ್ಟ. ತಟ್ಟೆಯೊಂದೇ ನೂರು ಗ್ರಾಂ ದಾಟಿತು, ಒಂದು ಅಗುಳು ಬೀಳುವ ಮೊದಲೇ ಆ ಹೊತ್ತಿನ ಅವನ ಪಾಲಿನ ಊಟ ಮುಗಿದುಹೋಗಿತ್ತು.

"ಚೆನ್ನಾಗಿದೆ," ಎಂದಳು ಹೆಂಡತಿ, ಸೌಟು ಹಿಡಿದು ನಿಂತಲ್ಲೇ. "ಇವತ್ತು ತಟ್ಟೆ ತಿನ್ನಿ. ನಾಳೆಗೆ ಲೋಟ ಬೇಯಿಸ್ತೀನಿ."

ಅವನು ನಗಲಿಲ್ಲ. ತೂಕದ ವಿಷಯದಲ್ಲಿ ಅವನಿಗೆ ತಮಾಷೆ ಸೇರದು. ಕಟ್ಟಡ ಕಟ್ಟುವ ಕಂಪನಿಯಲ್ಲಿ ಅವನು ಕ್ರೇನ್ ಆಪರೇಟರ್. ಮುಗಿಲೆತ್ತರದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣ, ಹಲಗೆ, ಸಿಮೆಂಟುಗಳನ್ನು ಎತ್ತಿ ಇಳಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಎರಡು ಕಟ್ಟಳೆಗಳಿದ್ದವು. ಎತ್ತುವ ವಸ್ತುವಿನ ಜೊತೆಗೆ ಕೊಕ್ಕೆ, ಸರಪಳಿ, ಹಗ್ಗ ಎಲ್ಲವೂ ಭಾರದ ಲೆಕ್ಕಕ್ಕೆ ಸೇರಬೇಕು. ಕಾಗದದಲ್ಲಿ ಒಂದೇ ವಸ್ತುವಿಗೆ ಎರಡು ಅಂಕಿ ಕಂಡರೆ ದೊಡ್ಡದನ್ನೇ ನಂಬಬೇಕು. ಇದನ್ನು ಪಾಲಿಸಿ ಇಪ್ಪತ್ತು ವರ್ಷ ಯಾರ ತಲೆಯ ಮೇಲೂ ಏನನ್ನೂ ಬೀಳಿಸದ ಮನುಷ್ಯ ಅದೇ ಕಟ್ಟಳೆಗಳನ್ನು ಅನ್ನಕ್ಕೂ ಹಾಕಿದ.

ಅನ್ನವನ್ನು ತೂಗುವ ಗ್ರಹಚಾರ ಬಂದದ್ದು ಕಂಪನಿಯ ಹೊಸ ಆದೇಶದಿಂದ. ಮೇಲೆ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ತಡೆಯುವುದು ನೂರು ಕಿಲೋ. ಅವನು ನೂರನ್ನು ಯಾವಾಗಲೋ ದಾಟಿದ್ದ. ಎರಡು ತಿಂಗಳಲ್ಲಿ ಇಳಿಯಬೇಕು, ಇಲ್ಲದಿದ್ದರೆ ಕೆಳಗೆ ಸ್ಟೋರ್ ರೂಮಿನಲ್ಲಿ ಕೂತು ಕೂಲಿಯವರಿಗೆ ಗ್ಲೌಸು, ಹಗ್ಗ ಕೊಡುವ ಕೆಲಸ.

"ಗ್ಲೌಸು ಹಂಚಿಕೊಂಡು ಕೂರೋದಾ? ಅದಕ್ಕಿಂತ ಉಪವಾಸ ಬೀಳ್ತೀನಿ," ಎಂದು ಅವನು ಮನೆಯಲ್ಲಿ ಸಾರಿದ.

ಹೆಂಡತಿಯ ಮಟ್ಟಿಗೆ ಸ್ಟೋರ್ ರೂಮು ಎಂದರೆ ಸ್ವರ್ಗ. ಕಿಟಕಿಯ ಪರದೆ ಸ್ವಲ್ಪ ಅಲುಗಾಡಿದರೂ ಅವಳು ಜೀವವನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಗಾಳಿ ಬೀಸಿದ ದಿನವೆಲ್ಲ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಅವನ ತೂಕ ಹಾಗೇ ಇರಲಿ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನಸ್ಸು ಹೇಳುವುದನ್ನು ಯಾರು ತಡೆದಾರು!

ಕಂಪನಿಯ ಡಾಕ್ಟರು ಬಿಳಿ ಅನ್ನ ಬಿಡಿಸಿ, ಒಂದು ಹೊತ್ತಿಗೆ ಮುನ್ನೂರ ಅರವತ್ತು ಕ್ಯಾಲರಿಯಷ್ಟು ಬ್ರೌನ್ ರೈಸ್ ಎಂದು ಬರೆದುಕೊಟ್ಟರು. ಜೊತೆಗೊಂದು ಪಟ್ಟಿ. ಅದರಲ್ಲಿ ಬ್ರೌನ್ ರೈಸಿಗೆ ಎರಡು ಸಾಲು: ನೂರು ಗ್ರಾಂ ಅಕ್ಕಿಗೆ ಮುನ್ನೂರ ಅರವತ್ತು ಕ್ಯಾಲರಿ, ನೂರು ಗ್ರಾಂ ಅನ್ನಕ್ಕೆ ನೂರಿಪ್ಪತ್ತು. ಆಪರೇಟರ್ ಎರಡನ್ನೂ ನೋಡಿದ, ಕಸುಬಿನ ಅಭ್ಯಾಸದಂತೆ ದೊಡ್ಡ ಅಂಕಿಗೆ ಗೆರೆ ಎಳೆದ. ಬೆಂದ ಅನ್ನವನ್ನು ಯಂತ್ರದ ಮೇಲಿಟ್ಟು, ತಟ್ಟೆಯೂ ಸೇರಿ ನೂರು ಗ್ರಾಂ ಆದೊಡನೆ ಕೈ ಅಡ್ಡ ಹಿಡಿಯತೊಡಗಿದ.

ಸ್ಟೀಲ್ ತಟ್ಟೆ ಹೋಗಿ ಚಹಾದ ತೆಳ್ಳನೆಯ ಬಸಿ ಬಂತು. ಬಸಿಯಲ್ಲಿ ಬಡಿಸಿದ ಅನ್ನ ನೋಡಿ ಹೆಂಡತಿಗೇ ನಾಚಿಕೆಯಾಯಿತು. ಮನೆಯೆಲ್ಲ ಹುಡುಕಿ ಬಿಸ್ಕತ್ತಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ತಂದಳು. ಅದರಿಂದ ಅವನಿಗೆ ಎರಡು ತುತ್ತು ಹೆಚ್ಚು ಸಿಕ್ಕಿತು. ಅವನು ಸ್ಟೋರ್ ರೂಮಿಗೆ ಇಳಿಯಲಿ ಎನ್ನುವವಳೂ ಅವಳೇ, ಹಗುರವಾದ ಮುಚ್ಚಳ ಹುಡುಕುವವಳೂ ಅವಳೇ.

ಅನ್ನವಾದರೂ ಸರಿಯಿತ್ತೇ? ಮೊದಲ ದಿನ ಅವಳು ಬಿಳಿ ಅಕ್ಕಿಯನ್ನು ಬೇಯಿಸಿದ ಹಾಗೇ ಬೇಯಿಸಿದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಕಟ್ಟಿಸಿದ ಹಲ್ಲನ್ನು ಕೈಯಲ್ಲಿ ಹಿಡಿದುಕೊಂಡರು.

"ಇದನ್ನ ಬೇಯಿಸಿದ್ಯಾ, ಇಲ್ಲಾ ಬೆಂಕಿ ತೋರಿಸಿ ಹೆದರಿಸಿ ಬಿಟ್ಯಾ?"

ಮರುದಿನ ಸಿಟ್ಟಿನಿಂದ ನೀರು ಸುರಿದಳು. ಅದು ಗೋಡೆಗೆ ಪೋಸ್ಟರ್ ಅಂಟಿಸುವ ಹದಕ್ಕೆ ಬಂತು. ಆಪರೇಟರ್ ಎರಡನ್ನೂ ಒಂದೇ ಮುಖಭಾವದಲ್ಲಿ ತಿಂದ. ಅವನ ಕಣ್ಣೆಲ್ಲ ಯಂತ್ರದ ಮೇಲೆ.

"ಹೇಗಿದೆ?" ಎಂದು ಕೇಳಿದಳು.

"ತೊಂಬತ್ತೆಂಟು," ಎಂದ.

ಅವಳ ಪಿತ್ತ ನೆತ್ತಿಗೇರಿತು. ಮದುವೆಯಾದಾಗಿನಿಂದ ಅವಳ ಅಡುಗೆಗೆ ಬೈಗುಳ ಬಿದ್ದದ್ದುಂಟು, ಹೊಗಳಿಕೆ ಬಂದದ್ದುಂಟು, ಅಂಕಿ ಬಂದದ್ದಿಲ್ಲ. ಅಂದಿನಿಂದ ಅವಳು ಆ ಅಕ್ಕಿಯ ಬೆನ್ನು ಹತ್ತಿದಳು. ಕಾಫಿಗೆ ನೀರಿಡುವ ಮೊದಲೇ ಅಕ್ಕಿ ನೆನೆಹಾಕಿದಳು. ಅದರ ಸಿಪ್ಪೆ ಅವಸರ ಕಂಡರೆ ಇನ್ನಷ್ಟು ಬಿಗಿಯುತ್ತದೆ ಎಂದು ಅರಿವಾಯಿತು. ಎರಡರಷ್ಟಕ್ಕಿಂತ ತುಸು ಹೆಚ್ಚು ನೀರು, ಒಂದು ಕುದಿ ಬಂದ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣ ಉರಿ, ಮುಚ್ಚಳದ ಮೇಲೊಂದು ಒರಳುಗುಂಡು. ಒಲೆ ಆರಿಸಿದ ಮೇಲೂ ಮುಚ್ಚಳ ತೆಗೆಯುವಂತಿಲ್ಲ. ಒಳಗಿನ ಹಬೆಯಲ್ಲೇ ಅನ್ನ ಅರಳಬೇಕು. ಕಂಡ ಪಾತ್ರೆಯ ಮುಚ್ಚಳವನ್ನೆಲ್ಲ ಎತ್ತಿ ಇಣುಕುವುದು ಅತ್ತೆಯ ಚಾಳಿ. ಆ ಹೊತ್ತಿನಲ್ಲಿ ಸೊಸೆ ಸೌಟು ಹಿಡಿದು ಕಾವಲು ಕೂರುತ್ತಿದ್ದಳು.

ಒಂದು ದಿನ ಮುಚ್ಚಳ ತೆಗೆದಾಗ ಹುರಿದ ಕಡಲೆಬೀಜದಂಥ ಘಮ ಎದ್ದಿತು. ಅಗುಳು ಅಗುಳಾಗಿ, ಮೆತ್ತಗೆ, ಒಂದಕ್ಕೊಂದು ಅಂಟದೆ ಅನ್ನ ಅರಳಿತ್ತು. ಅತ್ತೆ ಎರಡನೇ ಸಲ ತಟ್ಟೆ ಮುಂದೆ ಚಾಚಿದರು. ಅದು ಆ ಮನೆಯಲ್ಲಿ ಪದಕ ಸಿಕ್ಕಿದ್ದಕ್ಕೆ ಸಮ.

"ಹೇಗಿದೆ?" ಎಂದು ಗಂಡನನ್ನು ಕೇಳಿದಳು.

"ಐದು ಗ್ರಾಂ ಜಾಸ್ತಿ ಬಡಿಸಿದ್ದೀಯ."

ತೂಕವೇನೋ ಇಳಿಯಿತು. ಜೊತೆಗೆ ಮುಖವೂ ಇಳಿಯಿತು. ಎರಡನೇ ಮಹಡಿಯ ಮನೆಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಅವನ ಕೆಲಸದ ಮೇಸ್ತ್ರಿ ಒಂದು ಬೆಳಿಗ್ಗೆ ಮನೆಗೇ ಫೋನ್ ಮಾಡಿದ.

"ಅತ್ತಿಗೆ, ಅಣ್ಣ ನೂರರಿಂದ ಕೆಳಗೆ ಬಂದಿದ್ದಾರೆ, ಅದು ಸರಿ. ಆದ್ರೆ ಮುಂದಿನ ವಾರ ಡಾಕ್ಟರ್ ಎದುರಿಗೆ ಏಣಿ ಹತ್ತಿ ತೋರಿಸ್ಬೇಕು. ನಿನ್ನೆ ನಾಕು ಮೆಟ್ಲಿಗೇ ಕಣ್ಣು ಕತ್ಲೆ ಬಂತು. ಅಲ್ಲೀವರೆಗೂ ಕೆಳಗೇ ಇಟ್ಕೊಂಡಿದ್ದೀನಿ. ಹೀಗೇ ಆದ್ರೆ ಸ್ಟೋರ್ ರೂಮೇ ಗತಿ."

ಫೋನಿಟ್ಟು ಅವಳು ಅನ್ನದ ಪಾತ್ರೆ ನೋಡಿದಳು. ದಿನವೂ ಡಾಕ್ಟರ ಲೆಕ್ಕದ ಪ್ರಕಾರವೇ ಅವನೊಬ್ಬನ ಪಾಲಿನ ಅಕ್ಕಿ ಅಳೆದು ಹಾಕುತ್ತಿದ್ದಳು. ಅವನು ತನ್ನ ಪಾಲು ಪೂರ್ತಿ ಬಡಿಸಿಕೊಳ್ಳುತ್ತಿದ್ದ. ಆದರೂ ದಿನವೂ ಪಾತ್ರೆಯ ಮುಕ್ಕಾಲು ಭಾಗ ಉಳಿಯುತ್ತಿತ್ತು, ಅತ್ತೆ ಸೊಸೆ ಅದನ್ನೂ ಉಂಡು ದುಂಡಗಾಗುತ್ತಿದ್ದರು. ಪಾಲೆಲ್ಲ ಬಡಿಸಿದ ಮೇಲೆ ಉಳಿಯುವುದಾದರೂ ಹೇಗೆ? ಅವಳು ನೂರು ಗ್ರಾಂ ಅಕ್ಕಿ ತೂಗಿ, ಅಷ್ಟನ್ನೇ ಬೇಯಿಸಿ, ಮತ್ತೆ ತೂಗಿದಳು. ಯಂತ್ರ ಮುನ್ನೂರರ ಹತ್ತಿರ ಹೋಗಿ ನಿಂತಿತು. ಪಟ್ಟಿಯ ಎರಡು ಸಾಲುಗಳನ್ನೂ ಬೆರಳಿಟ್ಟು ಓದಿದಳು. ಹೆಚ್ಚಾದದ್ದಷ್ಟೂ ನಲ್ಲಿಯ ನೀರು. ಗಂಡ ನೀರಿಗೂ ಕ್ಯಾಲರಿ ಕಟ್ಟಿ, ಅದಕ್ಕೊಂದು ಮುಚ್ಚಳವನ್ನೂ ಕೂಡಿಸಿ, ಕಾಲು ಹೊಟ್ಟೆಯಲ್ಲಿ ಬದುಕುತ್ತಿದ್ದ.

ಹೇಳಬೇಕಾದದ್ದು ಒಂದೇ ಮಾತು. ಹೇಳದಿದ್ದರೆ ಮುಂದಿನ ವಾರದಿಂದ ಅವನು ನೆಲದ ಮೇಲಿರುತ್ತಾನೆ. ಅವಳು ಯಾವ ಸುಳ್ಳನ್ನೂ ಆಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅಂಥ ದೊಡ್ಡ ತಪ್ಪೇ? ಮಧ್ಯಾಹ್ನವೆಲ್ಲ ಅವಳು ಸುಮ್ಮನಿರುವುದನ್ನು ಅಭ್ಯಾಸ ಮಾಡಿದಳು. ಸ್ಟೋರ್ ರೂಮಿಗೆ ಹಾಕಿಕೊಂಡು ಹೋಗಲೆಂದು ಅವನ ಒಳ್ಳೆಯ ಅಂಗಿಯೊಂದಕ್ಕೆ ಇಸ್ತ್ರಿಯನ್ನೂ ಹಾಕಿದಳು.

ಸಂಜೆ ಅವನು ಬೇಗನೆ ಊಟಕ್ಕೆ ಬಂದ. ಮುಚ್ಚಳದ ಮೇಲೆ ಅನ್ನ ಬಿತ್ತು, ಯಂತ್ರ ಸರಿಯಾಗಿ ನೂರು ತೋರಿಸಿತು. ಆಗ ಸೌಟಿನ ತುದಿಯಿಂದ ಇನ್ನೊಂದು ಅಗುಳು ಉದುರಿತು. ನೂರಾ ಒಂದು. ಅವನು ಆ ಅಗುಳನ್ನು ಎರಡು ಬೆರಳಲ್ಲಿ ಎತ್ತಿದ. ಬಾಯಿಗೆ ಹಾಕಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವನು ಅದನ್ನು ಜೋಪಾನವಾಗಿ ಪಾತ್ರೆಗೆ ವಾಪಸ್ ಹಾಕಿದ.

ಅವಳಿಗೆ ಮರುಕ ಹುಟ್ಟಿತು. ಅದರ ಹಿಂದೆಯೇ ಕೋಪ ಬಂತು.

"ರೀ, ನೀರಿಗೆ ಎಷ್ಟು ಕ್ಯಾಲರಿ?"

"ನೀರಿಗಾ? ನೀರಿಗೆಲ್ಲಿಯ ಕ್ಯಾಲರಿ?"

"ಮತ್ತೆ ಇಷ್ಟು ದಿನದಿಂದ ನನ್ನ ನಲ್ಲಿ ನೀರನ್ನ ಯಾಕ್ರೀ ಲೆಕ್ಕಕ್ಕೆ ಸೇರಿಸ್ತಿದ್ದೀರಾ?" ಎಂದು ಅವಳು ಒಂದು ಹಿಡಿ ಅಕ್ಕಿಯನ್ನೂ ಪಾತ್ರೆಯನ್ನೂ ಅವನ ಮುಂದೆ ತಳ್ಳಿದಳು. "ಆ ದೊಡ್ಡ ಅಂಕಿ ಇದಕ್ಕೆ, ಹಸಿ ಅಕ್ಕಿಗೆ. ನೂರು ಗ್ರಾಂ ಬೇಯಿಸಿದ್ರೆ ಮುನ್ನೂರು ಆಗುತ್ತೆ. ಅಷ್ಟೂ ನಿಮ್ಮ ಪಾಲೇ."

"ಎರಡು ಅಂಕಿ ಇದ್ರೆ ದೊಡ್ಡದನ್ನೇ ಹಿಡೀಬೇಕು. ಅದು ನಿಯಮ."

"ಅದು ಕಬ್ಬಿಣಕ್ಕೆ! ಕಬ್ಬಿಣ ನೀರು ಕುಡಿಯುತ್ತಾ?"

ಅವನು ಅಕ್ಕಿ ನೋಡಿದ, ಅನ್ನ ನೋಡಿದ. "ಮಳೆಗೆ ನೆಂದ ಹಲಗೆನೂ ಹೀಗೇ ತೂಗುತ್ತೆ," ಎಂದು ಮೆಲ್ಲಗೆ ಒಪ್ಪಿಕೊಂಡ.

"ಅಂದ್ರೆ ನನ್ನ ಮಗ ಇಷ್ಟು ದಿನ ಒಣಗಿದ್ದು ಪುಕ್ಕಟೆಗಾ?" ಎಂದರು ಅತ್ತೆ.

ಸ್ಟೀಲ್ ತಟ್ಟೆ ಬಂತು. ಯಂತ್ರ ಪಕ್ಕಕ್ಕೆ ಸರಿಯಿತು. ನೋಡಲು ಅಂಕಿ ಇಲ್ಲದ್ದರಿಂದ ಅವನು ಅನ್ನವನ್ನೇ ನೋಡಿಕೊಂಡು ಉಂಡ. ಮೂರನೇ ತುತ್ತಿಗೆ ಅಗಿಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಇದು ಯಾವಾಗಿಂದ ಇಷ್ಟು ಚೆನ್ನಾಗಿದೆ?"

"ಮೂರು ವಾರ ಆಯ್ತು," ಎಂದು ಅವಳು ಒಲೆಯ ಕಡೆ ತಿರುಗಿದಳು. ಮುಖ ತೋರಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹೊಟ್ಟೆ ತುಂಬಿದ ಗಂಡ ಏಣಿ ಹತ್ತೇ ಹತ್ತುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಪರೀಕ್ಷೆಯ ದಿನ ಅವನು ಹೊರಟಾಗ ಅನ್ನ ಇನ್ನೂ ಅರಳುತ್ತಿತ್ತು. ಆ ಅಕ್ಕಿ ಯಾರ ಪರೀಕ್ಷೆಗೂ ಅವಸರ ಮಾಡುವುದಿಲ್ಲ. ಹಬೆ ಕೂತ ಮೇಲೆ ಅವಳು ಡಬ್ಬಿಗೆ ತುಂಬಿಸಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಅವನ ಕೆಲಸದ ಜಾಗಕ್ಕೆ ಹೋದಳು. ಗೇಟಿನಲ್ಲಿ ಮೇಸ್ತ್ರಿ ಹಲ್ಲು ಬಿಟ್ಟುಕೊಂಡು ನಿಂತಿದ್ದ.

"ತೊಂಬತ್ತಾರು ಕಿಲೋ, ಅತ್ತಿಗೆ! ಎಲ್ಲೂ ಕೂರದೆ ಹತ್ತಿದ್ರು. ಡಾಕ್ಟರೇ ಕೆಳಗೆ ನಿಂತು ಏದುಸಿರು ಬಿಡ್ತಿದ್ರು."

"ಊಟ ತಂದಿದ್ದೆ," ಎಂದಳು. "ಇಳಿದು ಬರ್ತಾರಾ?"

ಮೇಸ್ತ್ರಿ ವಾಕಿಟಾಕಿಯಲ್ಲಿ ಏನೋ ಹೇಳಿದ. ಅಲ್ಲಿದ್ದವರನ್ನೆಲ್ಲ ದೂರ ಸರಿಸಿ, ಅವಳ ತಲೆಗೊಂದು ಹಳದಿ ಟೋಪಿ ಇಟ್ಟು, ಗೆರೆಯ ಹಿಂದೆ ನಿಲ್ಲಿಸಿದ. ಆಕಾಶದಲ್ಲಿ ಕ್ರೇನಿನ ಉದ್ದನೆಯ ತೋಳು ನಿಧಾನವಾಗಿ ಅವಳ ಕಡೆ ತಿರುಗಿತು. ಆಮೇಲೆ ಕೊಕ್ಕೆ ಇಳಿಯತೊಡಗಿತು. ಲಾರಿಗಟ್ಟಲೆ ಕಬ್ಬಿಣ ಎತ್ತುವ, ಒಂದು ಮಗು ಕೂರಬಹುದಾದಷ್ಟು ದೊಡ್ಡ ಕೊಕ್ಕೆ. ಅದು ಅವಳ ಕೈಗೆ ಎಟುಕುವ ಎತ್ತರಕ್ಕೆ ಬಂದು, ಉಸಿರಿನಷ್ಟೂ ಸದ್ದು ಮಾಡದೆ ನಿಂತಿತು. ಮೇಸ್ತ್ರಿ ತಲೆಯಾಡಿಸಿದ. ಅವಳು ಮುಂದೆ ಹೋಗಿ ಚೀಲವನ್ನು ಅದಕ್ಕೆ ಸಿಕ್ಕಿಸಿ, ಹಿಡಿಕೆಯನ್ನು ಇನ್ನೊಂದು ಸುತ್ತು ಸುತ್ತಿ, ಹಿಂದಕ್ಕೆ ಸರಿದಳು.

ಚೀಲ ಮೇಲೇರಿತು. ಕಟ್ಟಡಗಳ ಸಂದಿಯಲ್ಲಿ ಗಾಳಿ ಬೀಸುತ್ತಿತ್ತು, ಅವಳ ಸೆರಗು ಹಾರುತ್ತಿತ್ತು. ಚೀಲ ಮಾತ್ರ ಅತ್ತಿತ್ತ ತೂಗದೆ ನೆಟ್ಟಗೆ ಹೋಗುತ್ತಿತ್ತು. ಅವಳು ಟೋಪಿ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಅದು ಚುಕ್ಕೆಯಾಗುವವರೆಗೂ ನೋಡುತ್ತಾ ನಿಂತಳು.